ಕಟಕಟೆಯ ಮೂಲೆಯ ಇಲಾರಿಯೋ

ಇಲಾರಿಯೋ ತಾಂಜಿ ವಾರಕ್ಕೆ ಆರು ದಿನ ಸೈಕಲ್ ರಿಪೇರಿ ಮಾಡುತ್ತಿದ್ದ, ಏಳನೆಯ ದಿನ ಹಾಡುಗಾರರನ್ನು. ಎರಡು ಕಸುಬಿಗೂ ಅವನ ಪದ್ಧತಿ ಒಂದೇ. ಎತ್ತಿ ತಲೆಕೆಳಗಾಗಿ ನಿಲ್ಲಿಸುವುದು, ಚಕ್ರ ತಿರುಗಿಸುವುದು, ಎಲ್ಲಿ ಕಿರುಗುಟ್ಟುತ್ತದೆ ಎಂದು ಕಿವಿಗೊಡುವುದು. ಸೈಕಲ್ಲುಗಳು ಸುಮ್ಮನೆ ಸಹಿಸಿಕೊಂಡವು. ಹಾಡುಗಾರರಲ್ಲಿ ಕೆಲವರು ಅತ್ತದ್ದುಂಟು.

ಅಂಗಡಿ ಪಾರ್ಮಾದಲ್ಲಿ ಹೊಳೆಯಾಚೆ, ನಮ್ಮ ಬೀದಿಯ ಕೊನೆಗೆ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಮನೆಯಲ್ಲಿ ಒಂದು ರೇಡಿಯೋ, ಅಂಗಡಿಯಲ್ಲಿ ಒಂದು ಡಬ್ಬ ಗ್ರೀಸು. ಇವು ಬಿಟ್ಟರೆ ಈ ಭೂಮಿಯ ಮೇಲೆ ಅವನಿಗಿದ್ದ ಆಸ್ತಿ ಒಪೆರಾ ಮಂದಿರದ ಗ್ಯಾಲರಿಯಲ್ಲಿ, ಕಟಕಟೆಯ ಎಡತುದಿಗೆ, ಒಬ್ಬ ಮನುಷ್ಯ ನಿಲ್ಲುವಷ್ಟು ಒಂದು ಮೂಲೆ.

ಗ್ಯಾಲರಿಗೆ ಬೇರೆ ಬಾಗಿಲು, ಬೇರೆ ಮೆಟ್ಟಿಲು. ಕೆಳಗಿನ ಮಖಮಲ್ಲಿನ ಖುರ್ಚಿಗಳಲ್ಲಿ ಕೂರುವವರು ಟಿಕೆಟ್ಟಿಗೆ ದುಡ್ಡು ಕೊಟ್ಟವರು. ಮೇಲೆ ಮರದ ಬೆಂಚಿನ ತುದಿಗೆ ಕೂರುವ ನಾವು ಮೊಣಕಾಲು ಕೊಟ್ಟವರು. ಚಾವಣಿಯಲ್ಲಿ ಬರೆದ ದೇವತೆಗಳ ಅಂಗಾಲು ನಮಗೆ ಕೈಗೆಟಕುವಷ್ಟು ಹತ್ತಿರ. ಸ್ವರ್ಗ ಮೇಲಿದೆ, ನರಕ ಕೆಳಗಿದೆ ಎಂದು ಕಾನ್ವೆಂಟಿನಲ್ಲಿ ಸಿಸ್ಟರ್ ಕ್ಲೋತಿಲ್ದೆ ನಮಗೆ ಅಡಿಕೋಲು ಹಿಡಿದು ಕಲಿಸಿದ್ದರು. ವೇದಿಕೆಯ ಮೇಲೆ ನಿಂತು ಹಾಡುವವರನ್ನು ಕೇಳಿದರೆ ಅವರು ಎರಡೂ ಮೇಲೇ ಇವೆ ಎನ್ನುತ್ತಾರೆ.

ಗ್ಯಾಲರಿಯ ಕಾನೂನು ಎಲ್ಲೂ ಬರೆದಿಟ್ಟಿಲ್ಲ. ಅದಕ್ಕೇ ಯಾರೂ ಅದನ್ನು ಮುರಿಯುವುದಿಲ್ಲ. ದೊಡ್ಡ ಹಾಡು ಮುಗಿದ ಮೇಲೆ ಮೊದಲ ಸದ್ದು ಮೂಲೆಯವನದು. ಅವನ ಎರಡೂ ಕೈ ಕಟಕಟೆಯ ಮೇಲಿದ್ದರೆ ಮಿಕ್ಕವರು ಕಾಯಬೇಕು. ಕೈ ಮೇಲೆದ್ದರೆ ಚಪ್ಪಾಳೆ. ಕೈ ಜೇಬಿಗೆ ಇಳಿದರೆ ಹಾಡಿದವರ ಗ್ರಹಚಾರ ಕೆಟ್ಟಿತೆಂದೇ ಲೆಕ್ಕ. ಯಾಕೆಂದರೆ ಇಲಾರಿಯೋನ ಜೇಬಿನಲ್ಲಿ ಅಂಗಡಿಯ ಹಳೇ ಬೀಗದ ಕೈ ಇತ್ತು, ಒಳಗೆ ಟೊಳ್ಳು. ಅದನ್ನು ತುಟಿಗಿಟ್ಟು ಊದಿದರೆ ಸ್ಟೇಷನ್ನಿನಲ್ಲಿ ರೈಲು ಹೊರಡಬೇಕು, ಅಂಥ ಶಿಳ್ಳೆ. ನ್ಯಾಯಾಧೀಶನೇ ಕಟಕಟೆಯಲ್ಲಿ ನಿಂತು ತೀರ್ಪು ಕೊಡುವ ಕೋರ್ಟು ಪ್ರಪಂಚದಲ್ಲಿ ನಮ್ಮದೊಂದೇ ಇರಬೇಕು.

ಆ ಮೂಲೆ ಇಲಾರಿಯೋಗೆ ಬಂದದ್ದು ಟೋಪಿ ಹೊಲಿಯುತ್ತಿದ್ದ ಮುದುಕ ಜೆನೇಸಿಯೋನಿಂದ. ಮೆಟ್ಟಿಲು ಹತ್ತಲಾಗದ ದಿನ ಅವನು ಇಲಾರಿಯೋನ ಭುಜ ತಟ್ಟಿ, "ಇನ್ನು ನೀನು ನಿಂತ್ಕೋ" ಎಂದಿದ್ದ, ಅಷ್ಟೆ. ಆ ಮಾತನ್ನು ಕೇಳಿಸಿಕೊಂಡು ಕ್ಷಮಿಸದೇ ಉಳಿದವಳು ಸೆಸಿರಾ ಮೊಂತಾಲಿ. ಸಂತೆಚೌಕದಲ್ಲಿ ಅವಳದು ಚೀಸಿನ ಅಂಗಡಿ. ಅವಳೂ ತಾನು ಮಾರುವ ಚೀಸಿನ ಹಾಗೆಯೇ, ವರ್ಷ ಕಳೆದಷ್ಟೂ ಗಟ್ಟಿ, ವರ್ಷ ಕಳೆದಷ್ಟೂ ಘಾಟು. ಇಲಾರಿಯೋನ ಬಲಗಡೆ ಒಂದು ಹೆಜ್ಜೆ ಹಿಂದೆ ಅವಳ ಜಾಗ. ಮೂವತ್ತು ವರ್ಷದಿಂದ ಅವನು ಕೊಟ್ಟ ತೀರ್ಪಿಗೆಲ್ಲ ಅವಳು ಮೆಟ್ಟಿಲಿಳಿಯುತ್ತಾ ಮೇಲ್ಮನವಿ ಸಲ್ಲಿಸುತ್ತಿದ್ದಳು.

"ಚಪ್ಪಾಳೆ ಹೊಡೆದ್ಯಲ್ಲೋ, ಕಿವೀಲಿ ಏನು ಗ್ರೀಸ್ ಹಾಕ್ಕೊಂಡಿದ್ಯಾ?"

"ನೀನು ಹೊಡೀಲಿಲ್ವಾ?"

"ಹೊಡೆದೆ. ಚಳಿಗೆ ಕೈ ಜೋಮು ಹಿಡಿದಿತ್ತು."

ಕಿವಿಯ ವಿಷಯ ಅವಳು ತಮಾಷೆಗೆ ಆಡಿದ ಮಾತು. ಅದು ನಿಜವಾಗುತ್ತಾ ಬಂದದ್ದು ಅವಳಿಗೂ ಗೊತ್ತಾಗಲಿಲ್ಲ. ಇಲಾರಿಯೋಗೆ ಗೊತ್ತಾದದ್ದು ಪಾದ್ರಿ ದೋನ್ ಫೆರ್ಮೊ ತಮ್ಮ ಸೈಕಲ್ಲಿಗೆ ಬೆಲ್ಲು ಹಾಕಿಸಲು ಬಂದಾಗ. ಇಲಾರಿಯೋ ಹೊಸ ಬೆಲ್ಲು ಕೂರಿಸಿದ, ಬಾರಿಸಿದ, ಕೆಟ್ಟಿದೆ ಎಂದು ಬಿಚ್ಚಿದ. ಇನ್ನೊಂದು ಹಾಕಿದ, ಬಾರಿಸಿದ, ಕಂಪನಿಯವರನ್ನು ಬೈದ. ಮತ್ತೊಂದಕ್ಕೆ ಕೈಹಾಕಿದಾಗ ದೋನ್ ಫೆರ್ಮೊ ಅವನ ಕೈ ಹಿಡಿದು, "ಇಲಾರಿಯೋ, ಬೆಲ್ಲು ಸದ್ದು ಮಾಡ್ತಾ ಇದೆ ಕಣಯ್ಯ. ಆಗಿಂದ ಬೀದಿಯವರೆಲ್ಲಾ ಕಿಟಕಿ ತೆಗೆದು ನೋಡ್ತಿದಾರೆ" ಎಂದರು.

ಮಾತು ಕೇಳುತ್ತಿತ್ತು. ಡೋಲು, ದಪ್ಪ ತಂತಿಯ ವಾದ್ಯಗಳು, ಗಂಡಸರ ದನಿ ಎಲ್ಲವೂ ಕೇಳುತ್ತಿದ್ದವು. ಮೇಲೆ ಹೋದದ್ದು, ಅದರಲ್ಲೂ ಮೆಲ್ಲಗೆ ಮೇಲೆ ಹೋದದ್ದು, ಹೋಗೇ ಬಿಡುತ್ತಿತ್ತು. ಪಾದ್ರಿಗಳಿಗೆ ಗುಟ್ಟು ಹೊಟ್ಟೆಯಲ್ಲಿಟ್ಟುಕೊಂಡು ಅಭ್ಯಾಸ. ಅವರು ಬಾಯಿ ಬಿಡಲಿಲ್ಲ. ಇಲಾರಿಯೋ ಕೂಡ ಬಿಡಲಿಲ್ಲ. ಬಿಟ್ಟರೆ ಮೂಲೆ ಬಿಡಬೇಕು. ಆ ಮೂಲೆ ಹೋದರೆ ತಾನು ಮೂಲೆಗುಂಪು ಎಂಬುದು ಅವನ ಭಯ. ಸೈಕಲ್ ಅಂಗಡಿಯ ಇಲಾರಿಯೋ ಹೊಳೆಯಾಚೆಯ ನಾಲ್ಕು ಬೀದಿಗೆ ಗೊತ್ತು, ಮೂಲೆಯ ಇಲಾರಿಯೋ ಊರೂರಿನ ಹಾಡುಗಾರರಿಗೆ ಗೊತ್ತು.

ಹಾಗಾಗಿ ಅವನು ಕಣ್ಣಿನಿಂದ ಕೇಳಲು ಕಲಿತ. ದುರ್ಬೀನು ಹಿಡಿದು ಹಾಡುವವರ ಕತ್ತು ನೋಡುತ್ತಿದ್ದ. ಮೇಲಿನ ಸ್ವರಕ್ಕೆ ಕತ್ತಿನ ನರ ಹಗ್ಗದ ಹಾಗೆ ಬಿಗಿದರೆ ಸುಳ್ಳು, ಗಲ್ಲ ಸಡಿಲವಾಗಿದ್ದರೆ ನಿಜ. ವಾದ್ಯವೃಂದ ನಡೆಸುವವರನ್ನು ಇಲ್ಲಿ ಮಾಯೆಸ್ಟ್ರೊ ಎನ್ನುತ್ತಾರೆ, ಅಂದರೆ ಮೇಷ್ಟ್ರು. ಆ ಮೇಷ್ಟ್ರ ಭುಜ ಇಳಿದರೆ ಕಂಟಕ ಕಳೆಯಿತು, ಕಿವಿಯವರೆಗೆ ಏರಿದರೆ ಕಂಠ ಕೈಕೊಟ್ಟಿತು. ಎಲ್ಲಕ್ಕಿಂತ ನಂಬಿಕೆಯ ಸಾಕ್ಷಿ ಸೆಸಿರಾಳ ಗದ್ದ. ಹಾಡು ಮುಗಿದ ಕೂಡಲೇ ಇಲಾರಿಯೋ ಗಂಭೀರವಾಗಿ, ಯೋಚಿಸುವವನ ಹಾಗೆ, ತಲೆಯನ್ನು ಸ್ವಲ್ಪ ಬಲಕ್ಕೆ ಹೊರಳಿಸುತ್ತಿದ್ದ. ಅವಳ ಗದ್ದ ಮೇಲಿದ್ದರೆ ಚಪ್ಪಾಳೆ. ಕೆಳಗಿದ್ದರೆ ಬೀಗದ ಕೈ. ಊದಿದ ಶಿಳ್ಳೆ ತನಗೇ ಸರಿಯಾಗಿ ಕೇಳದೆ ಇನ್ನಷ್ಟು ಜೋರಾಗಿ ಊದುತ್ತಿದ್ದ. ಆ ದಿನಗಳಲ್ಲಿ ನಾವೆಲ್ಲ, ವಯಸ್ಸಾದ ಹಾಗೆ ಇವನ ತೀರ್ಪು ಹರಿತವಾಗುತ್ತಿದೆ ಎಂದು ಆಡಿಕೊಂಡೆವು. ಸೆಸಿರಾ ಕೂಡ, "ಈಗೀಗ ಇವನಿಗೆ ಬುದ್ಧಿ ಬರ್ತಿದೆ, ನನ್ನ ಅಭಿಪ್ರಾಯಕ್ಕೇ ಬರ್ತಾನೆ" ಎಂದು ಒಮ್ಮೆ ಹೊಗಳಿದ್ದಳು.

ಆಮೇಲೆ ನವೆಂಬರಿನ ಒಂದು ಭಾನುವಾರ ಬಂತು, ಮಧ್ಯಾಹ್ನದ ಆಟ. ರಾಣಿಯ ಪಾತ್ರಕ್ಕೆ ಜಾರ್ಜಿಯಾ ದೇಶದ ನೆಸ್ತಾನ್ ಕೊಬಾಲಿಯಾ. ಸೊಪ್ರಾನೊ ಎಂದರೆ ಹೆಣ್ಣುದನಿಗಳಲ್ಲಿ ಎಲ್ಲಕ್ಕಿಂತ ಮೇಲಿನದು. ಅದರಲ್ಲಿ ಕಂಚಿನ ಕಂಠದವರದು ಬೇರೆಯೇ ಜಾತಿ, ಇಡೀ ವಾದ್ಯವೃಂದ ಒಟ್ಟಿಗೆ ಗುಡುಗಿದರೂ ಅದನ್ನು ಸೀಳಿಕೊಂಡು ಬರುವವರು. ನೆಸ್ತಾನ್ ಆ ಜಾತಿ. ಮೂರನೇ ಅಂಕದಲ್ಲಿ ರಾಣಿ ತನ್ನ ತಮ್ಮನ ಮರಣದಂಡನೆಯ ಆಜ್ಞೆಗೆ ಮುದ್ರೆಯೊತ್ತುವ ಮುಂಚೆ ಒಂದು ಹಾಡಿದೆ. ಅದು ಎದೆಯ ಆಳದಿಂದ, ಗಂಡಸರ ದನಿಯಷ್ಟು ತಗ್ಗಿನಲ್ಲಿ ಶುರುವಾಗುತ್ತದೆ. ನಡುವೆ ಯುದ್ಧದಂಥ ಗದ್ದಲ. ಅಷ್ಟೆಲ್ಲಾ ಕೂಗಿ ದಣಿದ ಗಂಟಲಿನಲ್ಲಿ, ವಾದ್ಯಗಳೆಲ್ಲ ನಿಂತುಹೋದ ಮೇಲೆ, ತಾರಸ್ಥಾಯಿಯ ಷಡ್ಜವನ್ನು ಒಂಟಿಯಾಗಿ, ಕೂದಲೆಳೆಯಷ್ಟು ಸಣ್ಣಗೆ ಹಿಡಿದು ನಿಲ್ಲಿಸಬೇಕು. ಬರೆದವನಿಗೆ ಸೊಪ್ರಾನೊಗಳ ಮೇಲೆ ಏನೋ ಹಳೇ ದ್ವೇಷ ಇದ್ದಿರಬೇಕು. ಜೋರಾಗಿ ಹಾಡಿ ಪಾರಾಗುವವರೇ ಹೆಚ್ಚು; ಅಂಥವರಿಗಾಗಿ ಬೀಗದ ಕೈ ಇತ್ತು.

ಅವತ್ತು ಥಂಡಿ. ಸೆಸಿರಾಗೆ ನೆಗಡಿ. ಅವಳು ಮೂಗಿನವರೆಗೆ ಉಣ್ಣೆಯ ಮಫ್ಲರ್ ಸುತ್ತಿಕೊಂಡು ಬಂದಿದ್ದಳು.

ಇಲಾರಿಯೋ ಇದನ್ನು ಗಮನಿಸಲೇ ಇಲ್ಲ. ನೆಸ್ತಾನ್ ಹಾಡಿದಳು. ತಗ್ಗಿನದು ಅವನ ಅಂಗಾಲಿಗೆ ತಾಗುವಂತೆ ಕೇಳಿಸಿತು. ನಡುವಿನ ಗದ್ದಲದಲ್ಲಿ ಅವಳ ದನಿ ಮಿಂಚಿ ಮುಳುಗುತ್ತಿತ್ತು. ವಾದ್ಯಗಳು ನಿಂತವು. ದುರ್ಬೀನಿನಲ್ಲಿ ಅವಳ ಬಾಯಿ ತೆರೆಯಿತು, ತೆರೆದೇ ಇತ್ತು, ಮುಚ್ಚಿತು. ಅವನ ಪಾಲಿಗೆ ಅಲ್ಲಿ ಏನೂ ಆಗಲಿಲ್ಲ. ಕತ್ತು ನೋಡೋಣವೆಂದರೆ ರಾಣಿಯ ಪೋಷಾಕಿಗೆ ಗದ್ದದವರೆಗೆ ಜರಿಯ ಕಾಲರು. ಮೇಷ್ಟ್ರ ಕಡೆ ನೋಡಿದರೆ ಅವರು ಕೋಲೆತ್ತಿದವರು ಹಾಗೇ ಕಲ್ಲಾಗಿದ್ದರು. ಕೊನೆಗೆ ಅವನು ಗಂಭೀರವಾಗಿ ತಲೆಯನ್ನು ಬಲಕ್ಕೆ ಹೊರಳಿಸಿದ.

ಅಲ್ಲಿ ಗದ್ದವಿರಲಿಲ್ಲ. ಮಫ್ಲರಿನ ಮೇಲೆ ಎರಡು ಕಣ್ಣು ಅವನನ್ನೇ ನೋಡುತ್ತಿದ್ದವು.

ಗ್ಯಾಲರಿಯೆಲ್ಲ ಅವನನ್ನೇ ನೋಡುತ್ತಿತ್ತು. ನಾನೂ ನೋಡುತ್ತಿದ್ದೆ. ಆ ಷಡ್ಜ ಒಂದು ಎಳೆಯಷ್ಟು ಕೆಳಗೆ ಜಾರಿತ್ತು. ಅದು ನಮಗೆಲ್ಲ ಕೇಳಿಸಿತ್ತು. ಆದರೆ ಅದಕ್ಕೆ ಮುಂಚಿನದೆಲ್ಲ ಎಂಥ ಹಾಡು! ಕ್ಷಮಿಸಬೇಕೋ ಶಿಕ್ಷಿಸಬೇಕೋ ತಿಳಿಯದೆ ಮೂಲೆಯ ಕಡೆ ತಿರುಗಿದ್ದೆವು. ಕೆಳಗಿನವರು ಮೇಲೆ ನೋಡಿ ಸುಮ್ಮನಾದರು, ನಮಗೆ ಹೆದರಿ. ವೇದಿಕೆಯ ಮೇಲೆ ಅಷ್ಟೆತ್ತರದ ಹೆಂಗಸು ಮುದ್ರೆ ಹಿಡಿದು, ಶಿಕ್ಷೆ ತನಗೇ ಆಗಿದೆಯೋ ಎಂಬಂತೆ ನಿಂತಿದ್ದಳು. ಇಲಾರಿಯೋನ ಬಲಗೈ ಕಟಕಟೆ ಬಿಟ್ಟು ಜೇಬಿನ ಹತ್ತಿರ ಹೋಯಿತು. ಅಲ್ಲಿಂದ ಮೇಲೆ ಬಂತು. ಮತ್ತೆ ಕೆಳಗೆ ಹೋಯಿತು. ಆಮೇಲೆ ಅವನು ಕತ್ತು ಮುಂದೆ ಚಾಚಿ ಕೂಗಿದ:

"ಬಿಸ್!"

ಬಿಸ್ ಎಂದರೆ ಇಲ್ಲಿನ ಒನ್ಸ್ ಮೋರ್. ಹಾಡನ್ನು ಬಿಸಿ ಮಾಡಿ ಇನ್ನೊಮ್ಮೆ ಬಡಿಸಿ ಎಂಬ ಬೇಡಿಕೆ. ನಮ್ಮ ಗ್ಯಾಲರಿ ಕೊಡುವ ಅತಿ ದೊಡ್ಡ ಮರ್ಯಾದೆ ಅದು. ಮೂಲೆಗೆ ಬಂದ ಮೇಲೆ ಇಲಾರಿಯೋ ಅದನ್ನು ಒಬ್ಬರಿಗೂ ಕೊಟ್ಟವನಲ್ಲ. ಒಂದು ಗಳಿಗೆ ಯಾರಿಗೂ ನಂಬಿಕೆ ಬರಲಿಲ್ಲ. ಆಮೇಲೆ ಮರದ ಬೆಂಚುಗಳು ಗುಡುಗಿದವು. ಕೆಳಗಿನವರು ಎದ್ದು ನಿಂತರು. ಮೇಷ್ಟ್ರು ಬೆವರೊರೆಸಿಕೊಂಡು ನೆಸ್ತಾನಳ ಕಡೆ ನೋಡಿದರು. ಅವಳು ಕಣ್ಣು ಮುಚ್ಚಿ ತಲೆಯಾಡಿಸಿದಳು.

ಎರಡನೆಯ ಸಲ ಅವಳು ಹಾಡಿದ್ದನ್ನು ನಾನು ಬಣ್ಣಿಸಲು ಹೋಗುವುದಿಲ್ಲ. ಕೊನೆಯ ಸ್ವರ ಎಲ್ಲಿಂದಲೋ ಶುರುವಾಗಿ, ಚಾವಣಿಯ ದೇವತೆಗಳ ಅಂಗಾಲಿಗೆ ಕಚಗುಳಿಯಿಟ್ಟು, ನಾವು ಉಸಿರು ಬಿಡುವ ಮುಂಚೆ ಮುಗಿದಿತ್ತು. ಈ ಸಲ ಮೂಲೆಗೆ ಕಾಯದೆ ಎಲ್ಲರೂ ಚಪ್ಪಾಳೆ ತಟ್ಟಿದರು. ಇಲಾರಿಯೋ ಕೂಡ ತಟ್ಟಿದ, ಎಲ್ಲರ ಕೈ ನೋಡಿಕೊಂಡು.

ಆಟ ಮುಗಿದ ಮೇಲೆ ಹಿಂದಿನ ಓಣಿಯಲ್ಲಿ, ಕಲಾವಿದರ ಬಾಗಿಲ ಮುಂದೆ ನಿಲ್ಲುವುದು ನಮ್ಮ ಪದ್ಧತಿ. ಹೇಳಬೇಕಾದ್ದನ್ನು ಹಾಡಿದವರ ಮುಖಕ್ಕೇ ಹೇಳುವುದು. ಇನ್ನೂ ಸಂಜೆಯ ಬೆಳಕಿತ್ತು. ಇಲಾರಿಯೋ ಜಾರಿಕೊಳ್ಳಲು ನೋಡಿದ; ನಾವೇ ಬಿಡದೆ ಎಳೆದುಕೊಂಡು ಹೋದೆವು. ನೆಸ್ತಾನ್ ಹೊರಗೆ ಬಂದಳು, ಬಣ್ಣ ಒರೆಸಿದ ಮುಖ, ಕೈಯಲ್ಲಿ ಅರ್ಧ ಸುಲಿದ ಕಿತ್ತಳೆ. ಅವಳು ನಮ್ಮ ಭಾಷೆ ಕಲಿತದ್ದೆಲ್ಲ ಒಪೆರಾಗಳಿಂದ. ಆದ್ದರಿಂದ ಕಾಫಿ ಕೇಳಿದರೂ ಸಿಂಹಾಸನದಿಂದ ಕೇಳಿದ ಹಾಗಿರುತ್ತಿತ್ತು.

"ಪುನಃ ಹಾಡೆಂದು ಅಪ್ಪಣೆ ಕೊಡಿಸಿದ ಮಹನೀಯರು ಯಾರು?"

ಎಲ್ಲರೂ ಇಲಾರಿಯೋನನ್ನು ಮುಂದೆ ತಳ್ಳಿದರು. ಅವನು ಟೋಪಿ ತೆಗೆದ.

"ಅಯ್ಯಾ," ಎಂದಳು ನೆಸ್ತಾನ್, "ಮೊದಲ ಸಲ ಆ ಸ್ವರ ಜಾರಿತು. ನಾನದನು ಬಲ್ಲೆ. ತಾವೂ ಬಲ್ಲಿರಿ. ನಾಳೆ ಮಿಲಾನಿನ ಒಪೆರಾ ಮಂದಿರದವರು ನನ್ನನು ಪರೀಕ್ಷಿಸಲು ಕರೆದಿಹರು. ಶಿಳ್ಳೆ ಬಿದ್ದಿದ್ದರೆ ಆ ಸುದ್ದಿ ಅಲ್ಲಿಗೆ ನನಗಿಂತ ಮೊದಲು ತಲುಪುತ್ತಿತ್ತು. ನನ್ನೊಳಗೆ ಆ ಸ್ವರ ಉಂಟೆಂದು ತಮಗೆ ಎಂತು ತಿಳಿಯಿತು?"

"ಅನುಭವದಿಂದ, ತಾಯಿ" ಎಂದಿದ್ದರೆ ಸಾಕಿತ್ತು. ಏನೂ ಅನ್ನದೆ ನಕ್ಕಿದ್ದರೂ ಸಾಕಿತ್ತು. ಅವನು ಸಾಯುವವರೆಗೆ ಆ ಮೂಲೆಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಇಲಾರಿಯೋ ಟೋಪಿಯನ್ನು ಎರಡು ಸುತ್ತು ತಿರುಗಿಸಿದ.

"ನಂಗೆ ತಿಳೀಲಿಲ್ಲ ತಾಯಿ. ಮೇಲಿನ ಸ್ವರ ನಂಗೆ ಕೇಳಲ್ಲ. ಆಚೆ ವರ್ಷದ ಚಳಿಗಾಲದಿಂದ್ಲೂ ಕೇಳಲ್ಲ. ನೀವು ಬಾಯಿ ತೆರೆದದ್ದು ಕಾಣಿಸ್ತು, ಮುಚ್ಚಿದ್ದು ಕಾಣಿಸ್ತು. ಎಲ್ರೂ ನನ್ನೇ ನೋಡ್ತಿದ್ರು. ಏನ್ ಮಾಡ್ಬೇಕು ಗೊತ್ತಾಗ್ದೆ ಇನ್ನೊಂದ್ಸಲ ಅಂದ್ಬಿಟ್ಟೆ. ಎರಡನೇ ಸಲಾನೂ ಬಾಯೇ ಕಾಣಿಸಿದ್ದು."

ಯಾರೋ ತಮಾಷೆಯೆಂದು ನಕ್ಕು, ಅರ್ಧಕ್ಕೇ ನಿಲ್ಲಿಸಿದರು. ನೆಸ್ತಾನಳ ಕೈಯಲ್ಲಿ ಕಿತ್ತಳೆ ಹಾಗೇ ಉಳಿಯಿತು.

"ಅಂದಮೇಲೆ ಆ ಮರ್ಯಾದೆ..." ಎಂದಳು. ಮುಂದಿನ ಮಾತು ಅವಳಿಗೆ ಯಾವ ಒಪೆರಾದಲ್ಲೂ ಸಿಗಲಿಲ್ಲ.

ಆಗ ಸೆಸಿರಾ ಮಫ್ಲರ್ ಕೆಳಗೆಳೆದಳು.

"ಅವನಿಗೆ ಕೇಳ್ಲಿಲ್ಲ ಅಂತ ನಮಗೂ ಕೇಳ್ಲಿಲ್ವೇನಮ್ಮ? ಮೊದಲ್ನೇದು ಜಾರಿತ್ತು. ಇವನ ಜಾಗದಲ್ಲಿ ನಾನಿದ್ದಿದ್ರೆ ಶಿಳ್ಳೆ ಹೊಡೀತಿದ್ದೆ, ಸುಳ್ಳು ಯಾಕೆ ಹೇಳ್ಲಿ. ಎರಡನೇದು ಇತ್ತು. ನಾನು ಯಾರನ್ನೂ ಹೊಗಳೋಳಲ್ಲ, ಈಗ್ಲೂ ಹೊಗಳ್ತಿಲ್ಲ. ಇತ್ತು ಅಂತ ಅಷ್ಟೇ ಹೇಳ್ತಿದೀನಿ." ಒಮ್ಮೆ ಸೀನಿದಳು. "ಬಿಸ್ ಅವನದು, ಚಪ್ಪಾಳೆ ನಮ್ದು. ಅದನ್ನ ತಗೊಂಡು ಮಿಲಾನಿಗೆ ಹೋಗು."

ನೆಸ್ತಾನ್ ಅವಳನ್ನು ನೋಡಿದಳು, ಇಲಾರಿಯೋನನ್ನು ನೋಡಿದಳು. "ತಮಗೆ ಏನೊಂದೂ ಕೇಳಿಸಲಿಲ್ಲವೇ?"

"ತಗ್ಗಿನದು ಕೇಳಿಸ್ತು," ಎಂದ ಇಲಾರಿಯೋ. "ಮೊದಲ್ನೇ ಸಾಲಲ್ಲೇ ತಲೆ ಮೇಲಿನ ಕೂದ್ಲು ನಿಂತ್ಕೊಂಡ್ತು, ಇರೋ ಅಷ್ಟು. ಆದ್ರೆ ಎರಡನೇ ಸಾಲಲ್ಲಿ ಮಾತಿನ ಮಧ್ಯ ಉಸಿರು ತಗೊಂಡ್ರಿ. ಎರಡು ಸಲಾನೂ. ತಗೋಬಾರ್ದು."

"ಅದು ಮೇಷ್ಟ್ರ ಅಪ್ಪಣೆ!"

"ಹಾಗಾದ್ರೆ ಮೇಷ್ಟ್ರಿಗೆ ಹೇಳಿ, ತಗೋಬಾರ್ದು ಅಂತ."

ಅವಳು ನಕ್ಕಳು. ಆ ನಗು ಕೂಡ ಕಂಚಿನದು. ಓಣಿಯ ಪಾರಿವಾಳಗಳು ಎದ್ದು ಹೋದವು. ಕಿತ್ತಳೆಯ ಅರ್ಧವನ್ನು ಇಲಾರಿಯೋನ ಕೈಗಿಟ್ಟು ಕಾರು ಹತ್ತಿದಳು.

ಆಮೇಲೆ ಹೋಟೆಲಿನಲ್ಲಿ ಸೊಪ್ಪಿನ ಹೂರಣದ ಕಡುಬಿನಂಥ ತೊರ್ತೆಲ್ಲಿ, ಕೆಂಪು ವೈನು ಮುಂದಿಟ್ಟುಕೊಂಡು ನಮ್ಮವರು ಹಳೇ ಮೊಕದ್ದಮೆಗಳನ್ನೆಲ್ಲ ಮತ್ತೆ ತೆರೆದರು. ಹೋದ ವರ್ಷ ಆ ಟೆನರನ್ನು, ಆ ಮೇಲಿನ ಗಂಡುದನಿಯವನನ್ನು, ಯಾಕೆ ಓಡಿಸಿದೆ? ಕತ್ತಿನ ನರ ನೋಡಿ. ಆ ಬಡಪಾಯಿ ಹುಡುಗಿಗೆ ಚಪ್ಪಾಳೆ ಯಾಕೆ? ಸೆಸಿರಾಳ ಗದ್ದ ಮೇಲಿತ್ತು.

"ನನ್ನ ಗದ್ದಾನಾ?" ಸೆಸಿರಾ ಚಮಚ ಕೆಳಗಿಟ್ಟಳು. "ಅಂದ್ರೆ ಇಷ್ಟು ದಿನ ತೀರ್ಪು ಕೊಟ್ಟಿದ್ದು ನಾನು, ಮೆಟ್ಟಿಲಿಳೀತಾ ಜಗಳ ಆಡಿದ್ದೂ ನನ್ನ ಜೊತೇನೇ ನಾನು!"

ಸಿಟ್ಟು ಬರಬೇಕಿತ್ತು. ಅವಳು ಇನ್ನೊಂದು ತಟ್ಟೆ ತೊರ್ತೆಲ್ಲಿ ತರಿಸಿದಳು.

ಮುಂದಿನ ಆಟಕ್ಕೆ ಇಲಾರಿಯೋ ಬಂದ, ಆದರೆ ಮೂಲೆಗೆ ಹೋಗಲಿಲ್ಲ. ಹಿಂದೆ ಬಾಗಿಲ ಪಕ್ಕ, ಹೊಸಬರು ಕೂರುವ ಬೆಂಚಿನಲ್ಲಿ ಕೂತ. ಸೆಸಿರಾಗೆ ಎಲ್ಲರೂ ದಾರಿ ಬಿಟ್ಟರು. ಅವಳು ತನ್ನ ಹಳೇ ಜಾಗದಿಂದ ಕದಲಲಿಲ್ಲ. ಮೂಲೆ ಖಾಲಿ. ಹಾಡು ಮುಗಿಯಿತು, ಯಾರು ಶುರು ಮಾಡಬೇಕೋ ತಿಳಿಯದೆ ಒಬ್ಬ ಕೆಮ್ಮಿದ, ಇನ್ನೊಬ್ಬ ತಟ್ಟಿದ, ಮತ್ತೊಬ್ಬ ಶ್ಶ್ ಎಂದ. ಕೆಳಗಿನವರು ಆ ಸಲ ನಮಗಿಂತ ಮೊದಲು ಚಪ್ಪಾಳೆ ಹೊಡೆದರು. ಅದಕ್ಕಿಂತ ಅವಮಾನ ನಮಗೆ ಇನ್ನೊಂದಿಲ್ಲ. ವಿರಾಮದಲ್ಲಿ ಸೆಸಿರಾ ಹಿಂದಿನ ಬೆಂಚಿಗೆ ಹೋಗಿ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಏಳೋ. ಇಲ್ಲಿ ಕೂತ್ಕೊಂಡು ಏನ್ ಮಾಡ್ತಿದೀಯ?"

"ನಂಗೆ ಕೇಳಲ್ಲ ಕಣೇ, ಹೇಳಿದ್ನಲ್ಲ."

"ಮೇಲಿಂದು ಕೇಳಲ್ಲ. ಕೆಳಗಿಂದು?"

"ಕೆಳಗಿಂದು ಕೇಳತ್ತೆ."

"ಹಾಗಾದ್ರೆ ಅರ್ಧ ಮೂಲೆ ನಿಂದು. ಹೆಂಗಸ್ರು, ಟೆನರು ನಂಗೆ. ಉಳಿದವರು ನಿಂಗೆ. ಏಳು, ಎರಡನೇ ಬೆಲ್ಲಾಯ್ತು. ಅದೂ ಕೇಳ್ಲಿಲ್ಲ ತಾನೆ?"

ಹೀಗೆ ಒಬ್ಬರು ನಿಲ್ಲುವ ಜಾಗದಲ್ಲಿ ಈಗ ಇಬ್ಬರು ಇದ್ದಾರೆ. ಸೆಸಿರಾ ಊದುವುದಿಲ್ಲ, ಅವಳು ನಾಲಿಗೆಯಿಂದ ಒಮ್ಮೆ ಚ್ಚು ಎಂದರೆ ವೇದಿಕೆಯ ಕೊನೆಯವರೆಗೆ ಹೋಗುತ್ತದೆ. ಗಂಡುದನಿಗಳಲ್ಲಿ ಎಲ್ಲಕ್ಕಿಂತ ತಗ್ಗಿನವರನ್ನು ಇಲ್ಲಿ ಬಾಸ್ ಎನ್ನುತ್ತಾರೆ. ಅವರಿಗೆ ಸಿಗುವ ಪಾತ್ರಗಳೂ ರಾಜ, ಮಠಾಧಿಪತಿ, ಸೈತಾನ, ಹೇಗಿದ್ದರೂ ಬಾಸೇ. ಹಿಂದೆಲ್ಲ ನಮ್ಮ ಊರಲ್ಲಿ ಬಾಸ್‌ಗಳು ನೆಮ್ಮದಿಯಾಗಿದ್ದರು, ಅವರ ಮೇಲೆ ಯಾರ ಕಣ್ಣೂ ಇರಲಿಲ್ಲ. ಈಗ ಅವರು ಪಾರ್ಮಾ ಎಂದರೆ ಗಂಟಲಿಗೆ ಕಷಾಯ ಕುಡಿದುಕೊಂಡು ಬರುತ್ತಾರೆ.

ಹೋದ ತಿಂಗಳು ಒಬ್ಬ ದೊಡ್ಡ ಹೆಸರಿನ ಬಾಸ್ ಬಂದಿದ್ದ. ಹಾಡಿನ ಕೊನೆಗೆ ಬಾವಿಯೊಳಗೆ ಇಳಿದಂತೆ ತಗ್ಗಿಗೆ ಇಳಿದ. ನಾವೆಲ್ಲ ಮೈಮರೆತಿದ್ದೆವು, ಸೆಸಿರಾಳ ಕೈ ಆಗಲೇ ಅರ್ಧ ಎದ್ದಿತ್ತು. ಇಲಾರಿಯೋನ ಎರಡೂ ಕೈ ಕಟಕಟೆಯ ಮೇಲೇ ಇದ್ದವು.

"ಯಾಕೋ?" ಎಂದಳು ಅವಳು ಪಿಸುದನಿಯಲ್ಲಿ.

"ಕೊನೇದು ಇರ್ಲಿಲ್ಲ. ಬಾಯಿ ತೆರೆದು ಡೋಲಿನವನಿಗೆ ಬಿಟ್ಟ."

"ಇತ್ತಲ್ಲೋ! ನಂಗೆ ಕೇಳಿಸ್ತು."

"ನಿಂಗೆ ಕೇಳಿಸಿದ್ದು ಡೋಲು."

ಮೆಟ್ಟಿಲಿಳಿಯುವಾಗ ಸೆಸಿರಾ ಜಗಳ ಆಡಲಿಲ್ಲ. ಕೊನೆಯ ತಿರುವಿನಲ್ಲಿ ನನ್ನ ತೋಳು ಹಿಡಿದು ನಿಲ್ಲಿಸಿ, ಇಲಾರಿಯೋ ಮುಂದೆ ಹೋದನೋ ಎಂದು ನೋಡಿಕೊಂಡು, "ಕಿವಿ ಡಾಕ್ಟ್ರು ಯಾರಾದ್ರೂ ಗೊತ್ತೇನೇ ನಿಂಗೆ?" ಎಂದು ಕೇಳಿದಳು. "ಅವನಿಗಲ್ಲ. ನಂಗೆ."